ಕೈನಕರಿಯ ಕೆಸರು

ಕೊಟ್ಟಾಯಂ
12 ಜೂನ್ 1987

ದಾಕ್ಷಿ,

ನಿನ್ನ ಲೇಖನ ನೋಡಿದೆ. ನೀನು ಕಳಿಸಿದ್ದರಿಂದ ನೋಡಿದೆ ಅಂದುಕೊಳ್ಳಬೇಡ. ಲಂಡನ್ ಜರ್ನಲ್ಲಿನ ಮಾರ್ಚ್ ಸಂಚಿಕೆ ಹಡಗಿನಲ್ಲಿ ನಿಧಾನಕ್ಕೆ ತೇಲಿಕೊಂಡು ನಿನ್ನೆ ನಮ್ಮ ಕಾಲೇಜಿಗೆ ಬಂದು ಮುಟ್ಟಿತು. ಲೈಬ್ರರಿಯ ಕುರುಪ್ ಸಾರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಪಾಠ ಮಾಡುತ್ತಿದ್ದ ಕ್ಲಾಸಿನ ಬಾಗಿಲಿಗೇ ಬಂದು ನಿಂತರು. "ಟೀಚರ್, ನಿಮ್ಮ ಗೆಳತಿ ಲಂಡನ್ನಿಗೆ ಹತ್ತಿಬಿಟ್ರಲ್ಲ! ನೀವು ಯಾವಾಗ ಹತ್ತೋದು?" ಅಂದರು. ಹುಡುಗರೆಲ್ಲ ಹಲ್ಲು ಕಿರಿದರು. ನಾನೂ ಕಿರಿದೆ. ಮತ್ತೇನು ಮಾಡಲಿ?

ಲೇಖನ ಚೆನ್ನಾಗಿದೆ. ಹೇಳಿಬಿಟ್ಟೆ ನೋಡು. ಲೋಕದ ಜೇಡಿಮಣ್ಣೆಲ್ಲ ನಕ್ಷೆಯಲ್ಲಿ ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತದೆ, ಹೆಚ್ಚು ನೀರು ಹಿಡಿಯುವ ಮಣ್ಣು ಭಾರ ಹೇರಿದರೆ ಹೆಚ್ಚು ಕುಸಿಯುತ್ತದೆ ಅಂತ ಪಣಿಕ್ಕರ್ ಸಾರ್ ನಮಗಿಬ್ಬರಿಗೂ ಎಂ.ಟೆಕ್‌ನಲ್ಲಿ ಅರೆದು ಕುಡಿಸಿದ್ದರು. ಈಗ ನೀನು ಎದ್ದು ನಿಂತು, ಇಲ್ಲ ಸಾರ್, ಕುಟ್ಟನಾಡಿನ ಕೆಸರು ಆ ಗೆರೆಗೆ ಬಗ್ಗುವುದಿಲ್ಲ, ಅದು ಕುಡಿಯುವುದು ಕಡಿಮೆ, ಕುಸಿಯುವುದು ಜಾಸ್ತಿ, ಲೋಕದಲ್ಲೇ ಇಂಥ ಮಣ್ಣು ಇನ್ನೊಂದಿಲ್ಲ ಅಂದಿದ್ದೀಯ. ಭಲೇ!

ಆದರೆ ಅದು ನಾನು ಹುಟ್ಟಿದ ಕೆಸರು ಕಣೇ. ಕೈನಕರಿಯಲ್ಲಿ ನಮ್ಮ ಅಮ್ಮಚ್ಚಿಯ ಗದ್ದೆಯಿಂದ ತೆಗೆದದ್ದು. ನೀನು ಮೊದಲ ಸಲ ಅಲ್ಲಿಗೆ ಬಂದಾಗ ದೋಣಿಯಿಂದ ಇಳಿಯಲು ಹೋಗಿ ಸೊಂಟದವರೆಗೆ ಹೂತು, "ಅಯ್ಯೋ ಥ್ರೇಸ್ಯಾ, ಸತ್ತೆ" ಅಂತ ಕೂಗಿಕೊಂಡಿದ್ದೆಯಲ್ಲ, ಆಗ ನಿನ್ನನ್ನು ಮೇಲಕ್ಕೆ ಎಳೆದವಳು ಯಾರು? ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗಲೂ ದಂಡೆಯ ಮೇಲೆ ಕೂತು, ಮಣ್ಣು ತೆಗೆಯುವ ಕೊಳವೆ ಎಲ್ಲಿ ಒತ್ತಬೇಕು ಅಂತ ಕೈ ತೋರಿಸಿದವಳು ಯಾರು? ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ನಿನ್ನದು. ಲೇಖನದ ಕೊನೆಯಲ್ಲಿ 'ಜಮೀನಿನ ಮಾಲೀಕರ ಸಹಕಾರಕ್ಕೆ ಕೃತಜ್ಞತೆಗಳು' ಅಂತ ಒಂದು ಸಾಲು ಇದೆ. ಮಾಲೀಕರು ಅಂದರೆ ನನ್ನನ್ನು ಹೆತ್ತ ಅಮ್ಮಚ್ಚಿ. ಓದಿ ಹೇಳಿದರೆ ಖುಷಿಪಡುತ್ತಾಳೆ. ಮಾಲೀಕರಿಗೆ ಒಬ್ಬಳು ಮಗಳೂ ಇದ್ದಳು ಅನ್ನುವುದು ಲಂಡನ್ನಿನವರಿಗೆ ಯಾಕೆ ಬೇಕು, ಬಿಡು.

ನಿಮ್ಮ ಮೇನೋನ್ ಸಾರ್ ಬರುವ ಬೇಸಿಗೆಗೆ ನಿವೃತ್ತರಾಗುತ್ತಾರಂತೆ. ಷೊರ್ನೂರಿನ ಪ್ರೊಫೆಸರ್ ಕುರ್ಚಿ ಇನ್ನು ನಿನ್ನದೇ ಅಂತ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನಂತೂ ಅರ್ಜಿ ಹಾಕುವುದಿಲ್ಲ. ಕೊಟ್ಟಾಯಂ ಬಿಟ್ಟು ಆ ಒಣ ಊರಿಗೆ ಯಾರು ಬರುತ್ತಾರೆ?

ನಿನ್ನ
ಥ್ರೇಸ್ಯಾ

*

ಷೊರ್ನೂರು
21 ಜೂನ್ 1987

ಪ್ರೀತಿಯ ಥ್ರೇಸ್ಯಾ,

ನಿನ್ನ ಕಾಗದ ಓದಿ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಏನಂದಳು ಗೊತ್ತೇ? "ಪಾಪ, ಆ ಹುಡುಗಿಗೆ ಹೊಟ್ಟೆ ಉರೀತಿದೆ, ಒಂದು ಲೋಟ ಮಜ್ಜಿಗೆ ಕಳಿಸು" ಅಂದಳು. ಹೊಟ್ಟೆಕಿಚ್ಚಾದರೆ ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳೇ, ನನಗೇನೂ ಬೇಜಾರಿಲ್ಲ. ಹಾಸ್ಟೆಲಿನಲ್ಲಿ ನಿನ್ನ ಉದ್ದ ಜಡೆ ನೋಡಿ ನಾನು ಎರಡು ವರ್ಷ ಉರಿದಿಲ್ಲವೇ? ಲೆಕ್ಕ ತೀರಿತು.

ಇದರ ಜೊತೆ ಲೇಖನದ ಬಿಡಿ ಪ್ರತಿ ಇಟ್ಟಿದ್ದೇನೆ. ಲಂಡನ್ನಿನವರು ಲೇಖಕರಿಗೆ ಪುಕ್ಕಟೆ ಕೊಡುವ ಕಟ್ಟು ಈಗ ತಾನೇ ಬಂತು. ಅದು ಬರುವ ಮೊದಲೇ ಪ್ರತಿ ಕೇಳುವ ಕಾರ್ಡುಗಳು ಬರತೊಡಗಿದ್ದವು. ಓಸ್ಲೋದಿಂದ, ಟೋಕಿಯೋದಿಂದ, ಪೋಲೆಂಡಿನ ಯಾವುದೋ ಓದಲಾಗದ ಊರಿನಿಂದ. ಅಂಚೆಯ ಕುಟ್ಟನ್ ಸ್ಟಾಂಪಿನ ಆಸೆಗೆ ಕಾರ್ಡು ಕೊಟ್ಟು ಹೋಗುವುದೇ ಇಲ್ಲ, ನಿಂತೇ ಇರುತ್ತಾನೆ. ಮೊದಲನೆಯ ಪ್ರತಿ ನಿನಗೆ. ಓಸ್ಲೋ ಆಮೇಲೆ.

ಕೃತಜ್ಞತೆಯ ಸಾಲು ನಾನು ಬರೆದದ್ದು ಉದ್ದವಿತ್ತು, ನಿನ್ನ ಹೆಸರೂ ಇತ್ತು. ಜಾಗವಿಲ್ಲ ಅಂತ ಅವರು ಕತ್ತರಿಸಿದರು. ಅಚ್ಚಿನ ಕರಡು ಬಂದಾಗ ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ಲೇಖನವನ್ನೇ ಎಲ್ಲಿ ವಾಪಸು ಕಳಿಸುತ್ತಾರೋ ಅಂತ ಹೆದರಿದೆ. ನಿನ್ನ ಮುಂದೆ ಸುಳ್ಳೇಕೆ?

ಓಣಂಗೆ ಬಾ. ನಿನ್ನ ಗಂಡ ಔಸೇಪ್ ಚೇಟನಿಗೆ ಮಕ್ಕಳನ್ನು ಎರಡು ದಿನ ನೋಡಿಕೊಳ್ಳಲು ಹೇಳು, ಪಾಪ, ಅವರೇನು ಕರಗಿಹೋಗುವುದಿಲ್ಲ. ನಮ್ಮ ಲ್ಯಾಬ್ ತೋರಿಸುತ್ತೇನೆ, ಅಮ್ಮ ಅಡಪ್ರಥಮನ್ ಪಾಯಸ ಮಾಡುತ್ತಾಳೆ.

ನಿನ್ನ
ದಾಕ್ಷಾಯಣಿ

*

ಕೊಟ್ಟಾಯಂ
14 ಸೆಪ್ಟೆಂಬರ್ 1987

ಪ್ರೀತಿಯ ಚೇಚಿ,

ಕನ್ಯಾಮಠದಲ್ಲಿ ನಿನ್ನ ಮಂಡಿನೋವು ಹೇಗಿದೆ? ನಾನು ಕೇಳುವುದು ಇಷ್ಟೇ, ಉಳಿದ ಕಾಗದವೆಲ್ಲ ನನ್ನ ಪುರಾಣ. ನೀನು ಅಕ್ಕ, ಮೇಲಾಗಿ ಸನ್ಯಾಸಿನಿ, ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಓಣಂಗೆ ದಾಕ್ಷಿಯ ಮನೆಗೆ ಹೋಗಿದ್ದೆ. ಅವಳ ಅಮ್ಮ ಬಾಳೆಯೆಲೆಯ ತುದಿಯಿಂದ ತುದಿಯವರೆಗೆ ಬಡಿಸಿದರು. "ತಿನ್ನು ಮೋಳೇ, ತಿನ್ನು, ನಿನ್ನಿಂದಲ್ವೇ ನನ್ನ ಮಗಳು ದೊಡ್ಡವಳಾದದ್ದು" ಅಂದರು. ಅವರಿಗೆ ನಾನೂ ಮೋಳ್, ಮಗಳು. ಗೋಡೆಯ ಮೇಲೆ, ಗುರುವಾಯೂರಪ್ಪನ ಪಕ್ಕದಲ್ಲಿ, ಆ ಲೇಖನದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ತೂಗಿಹಾಕಿದ್ದಾರೆ ಚೇಚಿ! ನಾನು ಅದರ ಎದುರೇ ಕೂತು ಉಣ್ಣಬೇಕಾಯಿತು.

ಊಟವಾದ ಮೇಲೆ ಲ್ಯಾಬ್‌ಗೆ ಕರೆದುಕೊಂಡು ಹೋದಳು. ಹೊಸ ಓವನ್ ಬಂದಿದೆ, ನೋಡು ಅಂತ ಬಾಗಿಲು ತೆಗೆದಳು. ಒಳಗೆ ತಟ್ಟೆಯಲ್ಲಿ ನಮ್ಮ ಗದ್ದೆಯ ಮಣ್ಣು. ಒಣಗಿ, ಬಿರಿದು, ರಸ್ಕಿನಂತೆ ಗಟ್ಟಿಯಾಗಿತ್ತು. "ರಾತ್ರಿ ಇಟ್ಟರೆ ಬೆಳಿಗ್ಗೆ ಕುಟ್ಟಿ ಜರಡಿ ಹಿಡಿಯೋಕೆ ಸಲೀಸು ಕಣೇ, ಆಮೇಲೆ ನೀರು ಕಲಸಿ ಪರೀಕ್ಷೆ. ಲೇಖನದ ಮಣ್ಣೆಲ್ಲ ಹಳೇ ಓವನ್‌ನಲ್ಲೇ ಒಣಗಿಸಿದ್ದು, ಅದರದ್ದು ಒಂದು ಗೋಳು" ಅಂದಳು.

ಚೇಚಿ, ಅವಳ ತಪ್ಪು ನನಗೆ ಅಲ್ಲೇ ಕಂಡಿತು. ನಿನಗೆ ಗೊತ್ತಾಗುವ ಹಾಗೆ ಹೇಳುತ್ತೇನೆ. ಅಪ್ಪಂ ಬೇಯಿಸಿದ ಮೇಲೆ ಅದನ್ನು ಪುಡಿ ಮಾಡಿ ನೀರು ಹಾಕಿದರೆ ಮತ್ತೆ ಹಿಟ್ಟಾಗುತ್ತದೆಯೇ? ನಮ್ಮ ಕೆಸರೂ ಹಾಗೆಯೇ. ಕೊಳೆತ ಎಲೆ, ಬೇರು, ಏನೇನೋ ಸೇರಿ ಆದ ಮಣ್ಣು ಅದು. ಒಮ್ಮೆ ಕಾಯಿಸಿ ಒಣಗಿಸಿದರೆ ಮತ್ತೆ ಮೊದಲಿನಷ್ಟು ನೀರು ಹಿಡಿಯುವುದೇ ಇಲ್ಲ. ಷೊರ್ನೂರಿನವರು ಕೈಯಾಡಿಸುವುದು ಕೆಂಪು ಮಣ್ಣಿನಲ್ಲಿ, ಮರಳಿನಲ್ಲಿ. ಅದನ್ನು ಒಣಗಿಸಿ ಕುಟ್ಟುವುದು ಅವರ ಅಭ್ಯಾಸ. ಅದೇ ಅಭ್ಯಾಸದ ಕೈ ನಮ್ಮ ಕೆಸರಿಗೂ ಹೋಗಿದೆ. 'ಇದು ನೀರು ಕುಡಿಯುವುದು ಕಡಿಮೆ, ಲೋಕದಲ್ಲೇ ಇಂಥದ್ದಿಲ್ಲ' ಅಂದಳಲ್ಲ, ಯಾಕೆ ಕುಡಿಯುತ್ತದೆ? ಅವಳೇ ಅದರ ಬಾಯಿ ಸುಟ್ಟಿದ್ದಾಳೆ!

ಅವಳಿಗೆ ಮಾತ್ರ ಓವನ್ ಚೆನ್ನಾಗಿದೆ ಅಂದೆ. ವಾಪಸು ಬಂದವಳೇ ಕೈನಕರಿಗೆ ಹೋಗಿ ಹಸಿ ಮಣ್ಣು ತಂದು, ಒಣಗಿಸದೆ ಪರೀಕ್ಷೆ ಮಾಡಿದೆ. ನನ್ನ ಚುಕ್ಕೆಗಳೆಲ್ಲ ಲೋಕದ ಗೆರೆಯ ಮೇಲೆ ಬಂದು ಕೂತವು, ಒಂದೂ ಆಚೀಚೆ ಇಲ್ಲ. ಚೇಚಿ, ಅವತ್ತು ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಔಸೇಪ್‌ಗೆ ಹೇಳಬೇಡ.

ಈಗ ಕೇಳು. ಈ ಜರ್ನಲ್ಲುಗಳಲ್ಲಿ ಒಂದು ಪದ್ಧತಿ ಇದೆ. ಲೇಖನ ಬಂದ ಮೇಲೆ ಯಾರು ಬೇಕಾದರೂ ಅದರ ಮೇಲೆ 'ಚರ್ಚೆ' ಅಂತ ಬರೆದು ಕಳಿಸಬಹುದು. ಒಪ್ಪಿಗೆಯಾದರೆ ಹೆಸರು ಸಮೇತ ಅಚ್ಚಾಗುತ್ತದೆ. ಲೇಖಕರ ಉತ್ತರವೂ ಅದರ ಕೆಳಗೇ ಬರುತ್ತದೆ. ನನ್ನ ಹೆಸರು, ಅದೇ ಜರ್ನಲ್ಲಿನಲ್ಲಿ! ಅಥವಾ ದಾಕ್ಷಿಗೆ ಒಂದು ಕಾರ್ಡು ಹಾಕಿ 'ಹುಚ್ಚಿ, ಮಣ್ಣು ಒಣಗಿಸಬೇಡ' ಅನ್ನಬಹುದು. ಆಗ ಅವಳೇ ತಿದ್ದುಪಡಿ ಕಳಿಸುತ್ತಾಳೆ, ಮಾನ ಉಳಿಯುತ್ತದೆ, ಬೇಸಿಗೆಯಲ್ಲಿ ಪ್ರೊಫೆಸರ್ ಕುರ್ಚಿಯೂ ಸಿಗುತ್ತದೆ. ನನಗೆ ಏನು ಸಿಗುತ್ತದೆ? ಇನ್ನೊಂದು ಕೃತಜ್ಞತೆ, ಅದನ್ನೂ ಜಾಗವಿಲ್ಲ ಅಂತ ಕತ್ತರಿಸುತ್ತಾರೆ.

ಏನು ಮಾಡಲಿ ಹೇಳು.

ನಿನ್ನ ತಂಗಿ
ಥ್ರೇಸ್ಯಾ

*

ಮಾನಂತವಾಡಿ
22 ಸೆಪ್ಟೆಂಬರ್ 1987

ಥ್ರೇಸ್ಯಾ,

ಮಂಡಿ ಹಾಗೇ ಇದೆ. ನಿನ್ನ ಬುದ್ಧಿಯೂ ಹಾಗೇ ಇದೆ.

ಚಿಕ್ಕಂದಿನಲ್ಲಿ ನನಗೆ ಹೊಸ ಕೊಡೆ ಬಂದಾಗ ನೀನು ಮಳೆಯಲ್ಲಿ ಬೇಕೆಂದೇ ನೆನೆದು ಜ್ವರ ತಂದುಕೊಂಡವಳು. ನನಗೆ ಎಲ್ಲ ಗೊತ್ತು. ಮಣ್ಣಿನ ವಿಷಯ ನನಗೆ ತಿಳಿಯದು. ನೀನು ಹೇಳುವುದು ಸತ್ಯವೇ ಇರಬಹುದು. ಸತ್ಯವನ್ನು ಮೊದಲು ಯಾರ ಮನೆಯ ಬಾಗಿಲಲ್ಲಿ ಹೇಳಬೇಕು ಅನ್ನುವುದೇ ಪ್ರಶ್ನೆ. ಉಂಡ ಮನೆಗೆ ಎರಡು ಬಗೆಯಬೇಡ. ಮೊದಲು ದಾಕ್ಷಾಯಣಿಗೆ ಬರಿ. ಅವಳು ಕೇಳದಿದ್ದರೆ ಆಮೇಲೆ ಲಂಡನ್ನಿಗೋ ರೋಮ್‌ಗೋ ಬರಿ, ನಾನು ಬೇಡ ಅನ್ನುವುದಿಲ್ಲ.

ನಿನಗಾಗಿ ಜಪಸರ ಹಿಡಿದಿದ್ದೇನೆ. ನೀನು ನನ್ನ ಮಾತು ಕೇಳುವುದಿಲ್ಲ ಅನ್ನುವುದೂ ಗೊತ್ತು.

ಚೇಚಿ

*

ಕೊಟ್ಟಾಯಂ
5 ಅಕ್ಟೋಬರ್ 1987

ಸಂಪಾದಕರಿಗೆ, ಲಂಡನ್

ಮಾನ್ಯರೇ,

ತಮ್ಮ ಮಾರ್ಚ್ ಸಂಚಿಕೆಯಲ್ಲಿ ಪ್ರಕಟವಾದ ಕುಟ್ಟನಾಡಿನ ಜೇಡಿಮಣ್ಣನ್ನು ಕುರಿತ ಲೇಖನಕ್ಕೆ ಈ ಚರ್ಚೆಯನ್ನು ಕಳಿಸುತ್ತಿದ್ದೇನೆ. ಪರೀಕ್ಷೆಗೆ ಮೊದಲು ಮಣ್ಣನ್ನು ಹೇಗೆ ಸಿದ್ಧಪಡಿಸಲಾಯಿತು ಎಂಬುದನ್ನು ಲೇಖನ ತಿಳಿಸುವುದಿಲ್ಲ. ಅದನ್ನು ಓವನ್ನಿನಲ್ಲಿ ಒಣಗಿಸಲಾಗಿತ್ತು ಎಂದು ನಂಬಲು ಚರ್ಚಿಸುವವರಿಗೆ ಕಾರಣಗಳಿವೆ. ಅದೇ ಗದ್ದೆಯ ಮಣ್ಣನ್ನು ಹಸಿಯಾಗಿಯೇ ಪರೀಕ್ಷಿಸಿದಾಗ ಅದು ಲೋಕದ ಇತರ ಜೇಡಿಮಣ್ಣುಗಳಂತೆಯೇ ನಡೆದುಕೊಳ್ಳುತ್ತದೆ. ಲೇಖಕಿ ಕಂಡ ವಿಶೇಷ ಮಣ್ಣಿನದಲ್ಲ, ಓವನ್ನಿನದು. ಪರೀಕ್ಷೆಯ ಫಲಿತಾಂಶಗಳನ್ನೂ ಒಂದು ನಕ್ಷೆಯನ್ನೂ ಲಗತ್ತಿಸಿದೆ.

ತಮ್ಮ ವಿಶ್ವಾಸಿ
ಡಾ. ಥ್ರೇಸ್ಯಾಮ್ಮ ಔಸೇಪ್

*

ಷೊರ್ನೂರು
9 ಡಿಸೆಂಬರ್ 1987

ಥ್ರೇಸ್ಯಾ,

ಎಲ್ಲಿ ಸತ್ತೆ ನೀನು? ಓಣಂ ಆದ ಮೇಲೆ ಒಂದು ಸಾಲೂ ಇಲ್ಲ. ಅಮ್ಮ ದಿನಾ ಕೇಳುತ್ತಾಳೆ, "ನನ್ನ ಅಡುಗೆ ಸೇರಲಿಲ್ವೇನೋ ಆ ಹುಡುಗಿಗೆ" ಅಂತ.

ಒಂದು ಸುದ್ದಿ. ಎರಡನೆಯ ಲೇಖನ ಬರೆಯೋಣ ಅಂತಿದ್ದೇನೆ. ಬರೆಯೋಣ ಅಂದೆ, ಗಮನಿಸಿದೆಯಾ? ನಿನ್ನ ಜೊತೆ. ಈ ಸಲ ನಿನ್ನ ಹೆಸರು ಮೊದಲು, ನನ್ನದು ಆಮೇಲೆ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಊರೆಲ್ಲ ಹೇಳುವುದು ನನಗೂ ಸಾಕಾಗಿದೆ. ಕ್ರಿಸ್‌ಮಸ್ ರಜೆಯಲ್ಲಿ ಕೈನಕರಿಗೆ ಹೋಗಿ ಮಣ್ಣು ತೆಗೆಯೋಣವೇ? ಅಮ್ಮಚ್ಚಿಗೆ ಹೇಳಿಡು.

ಕುರ್ಚಿಗೆ ಅರ್ಜಿ ಹಾಕಿದೆ. ನೀನು ಹಾಕುವುದಿಲ್ಲ ಅಂದದ್ದರಿಂದ ಧೈರ್ಯ ಬಂತು, ನಿಜ ಹೇಳುತ್ತೇನೆ. ನೀನು ಎದುರು ನಿಂತಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ.

ನಿನ್ನ
ದಾಕ್ಷಿ

*

ಕೊಟ್ಟಾಯಂ
17 ಡಿಸೆಂಬರ್ 1987

ದಾಕ್ಷಿ,

ಪರೀಕ್ಷೆಯ ಪೇಪರುಗಳ ರಾಶಿ. ಮಕ್ಕಳಿಗೆ ಮಂಗನಬಾವು, ಇಬ್ಬರ ಕೆನ್ನೆಯೂ ಊದಿಕೊಂಡಿದೆ. ಈ ರಜೆಯಲ್ಲಿ ಕೈನಕರಿ ಆಗುವುದಿಲ್ಲ. ಲೇಖನದ ವಿಷಯ ಆಮೇಲೆ ನೋಡೋಣ. ಅಮ್ಮನಿಗೆ ನಮಸ್ಕಾರ ಹೇಳು. ಅಡುಗೆ ಬಹಳ ಚೆನ್ನಾಗಿತ್ತು ಅಂತಲೂ ಹೇಳು.

ಥ್ರೇಸ್ಯಾ

*

ಷೊರ್ನೂರು
28 ಜನವರಿ 1988

ಥ್ರೇಸ್ಯಾ,

ಲಂಡನ್ನಿನಿಂದ ಲಕೋಟೆ ಬಂತು. ಪ್ರತಿ ಕೇಳುವ ಕಾರ್ಡು ಇರಬೇಕು ಅಂತ ಕುಟ್ಟನ್ ನಗುತ್ತಾ ಕೊಟ್ಟ. ಚರ್ಚೆ. ಉತ್ತರ ಬರೆಯಬೇಕಂತೆ. ಕೆಳಗೆ ಹೆಸರು ನೋಡಿ, ಬೇರೆ ಯಾರೋ ಥ್ರೇಸ್ಯಾಮ್ಮ ಇರಬೇಕು ಅಂದುಕೊಂಡೆ. ಎಂಥ ಕತ್ತೆ ನಾನು!

'ಓವನ್ನಿನಲ್ಲಿ ಒಣಗಿಸಲಾಗಿತ್ತು ಎಂದು ನಂಬಲು ಚರ್ಚಿಸುವವರಿಗೆ ಕಾರಣಗಳಿವೆ.' ಆ ಕಾರಣಕ್ಕೆ ಅಮ್ಮ ನಸುಕಿನಲ್ಲೇ ಎದ್ದು ಮೂರು ಬಗೆ ಪಾಯಸ ಮಾಡಿದ್ದಳು. ಆ ಕಾರಣಕ್ಕೆ ನಾನೇ ಓವನ್ನಿನ ಬಾಗಿಲು ತೆಗೆದು ತೋರಿಸಿದೆ. ನನ್ನ ಮನೆಯಲ್ಲಿ ಕೂತು, ನನ್ನ ಎಲೆಯಲ್ಲಿ ಉಂಡು, 'ಓವನ್ ಚೆನ್ನಾಗಿದೆ' ಅಂದೆಯಲ್ಲೇ! ಅಲ್ಲೇ ನನ್ನ ಕೆನ್ನೆಗೆ ಎರಡು ಬಾರಿಸಿ 'ಮೂರ್ಖಳೇ' ಅಂದಿದ್ದರೆ ನಾನು ನಿನ್ನ ಕಾಲು ಹಿಡಿಯುತ್ತಿದ್ದೆ.

ಮೂರು ದಿನ ಉಣ್ಣಲಿಲ್ಲ. ನಿನ್ನನ್ನು ಸುಳ್ಳು ಮಾಡಿ ತೋರಿಸಬೇಕು ಅಂತ ಛಲ ಹುಟ್ಟಿತು. ಕುಟ್ಟನಾಡಿನ ಆಲಪ್ಪುಳ ಕಡೆಯಿಂದ ಹಸಿ ಮಣ್ಣು ತರಿಸಿದೆ, ಒಣಗಿಸದೆ ಪರೀಕ್ಷೆ ಮಾಡಿದೆ. ನೀನು ಹೇಳಿದ್ದು ಸರಿ. ಅಕ್ಷರ ಅಕ್ಷರ ಸರಿ. ಮಣ್ಣಿನಲ್ಲಿ ಉಪ್ಪಿತ್ತು, ಉಪ್ಪು ತೊಳೆದುಹೋಗಿತ್ತು ಅಂತ ಏನೇನೋ ಬರೆದು ತಪ್ಪಿಸಿಕೊಳ್ಳಬಹುದು, ಲಂಡನ್ನಿನಲ್ಲಿ ಯಾರು ಬಂದು ನೋಡುತ್ತಾರೆ ಅಂತ ಮೇನೋನ್ ಸಾರ್ ಹೇಳಿದರು. ನನಗೆ ಆಗಲಿಲ್ಲ.

ಇನ್ನೊಂದು ವಿಷಯ ನಿನ್ನೆ ತಿಳಿಯಿತು. ಷೊರ್ನೂರಿನ ಕುರ್ಚಿಗೆ ನೀನೂ ಅರ್ಜಿ ಹಾಕಿದ್ದೀಯಂತೆ. ಸಂಪಾದಕರ ಒಪ್ಪಿಗೆಯ ಕಾಗದವನ್ನೂ ಅದರ ಜೊತೆ ಲಗತ್ತಿಸಿದ್ದೀಯಂತೆ. ಇದಕ್ಕೆ ನಾನು ಏನನ್ನಲಿ? ಅಮ್ಮ ಗೋಡೆಯ ಮೇಲಿದ್ದ ಪುಟವನ್ನು ತೆಗೆಯಬೇಡ ಅಂತ ಅತ್ತಳು. ತೆಗೆದೆ.

ದಾಕ್ಷಾಯಣಿ

*

ಕೊಟ್ಟಾಯಂ
10 ಫೆಬ್ರವರಿ 1988

ದಾಕ್ಷಿ,

ಬೈ. ಇನ್ನೂ ಬೈ. ಆದರೆ ಒಂದು ಮಾತು ಕೇಳು. ತಪ್ಪು ನಾನು ಮಾಡಿದ್ದಲ್ಲ. ಒಣಗಿಸಿದವಳು ನೀನು. ಅಚ್ಚಾದ ತಪ್ಪನ್ನು ಅಚ್ಚಿನಲ್ಲೇ ತಿದ್ದಬೇಕು, ಅದು ನಮ್ಮ ವೃತ್ತಿಯ ಪದ್ಧತಿ. ಮನೆಯ ಸ್ನೇಹ ಬೇರೆ, ಶಾಸ್ತ್ರ ಬೇರೆ.

ಅಂತ ಹತ್ತು ಸಲ ಬರೆದು ಹರಿದು ಹಾಕಿದೆ, ಹನ್ನೊಂದನೆಯ ಸಲವೂ ಅದನ್ನೇ ಬರೆದಿದ್ದೇನೆ. ಶಾಸ್ತ್ರದ ಮಾತು ನನ್ನ ಬಾಯಲ್ಲಿ ಯಾಕೋ ನಿಲ್ಲುವುದಿಲ್ಲ. ನಿಜ ಹೇಳಲಾ? ಆ ರಸ್ಕಿನಂಥ ಮಣ್ಣು ನೋಡಿದಾಗ ನನಗೆ ಮೊದಲು ಅನ್ನಿಸಿದ್ದು ಶಾಸ್ತ್ರ ಅಲ್ಲ, 'ಸಿಕ್ಕಿಬಿದ್ದಳು' ಅಂತ. ನನ್ನ ಊರಿನ ಕೆಸರು, ನನ್ನ ತಾಯಿಯ ಗದ್ದೆ, ಅದರಿಂದ ನಿನಗೆ ಟೋಕಿಯೋದ ಕಾರ್ಡು. ನನಗೆ ಕುರುಪ್ ಸಾರ್ ಮಾತು, ಹುಡುಗರ ಹಲ್ಲು. ನೀನು ನನ್ನ ಜಾಗದಲ್ಲಿ ಇದ್ದಿದ್ದರೆ?

ನೀನು ಹೀಗೆ ಮಾಡುತ್ತಿರಲಿಲ್ಲ. ಗೊತ್ತು. ಅದೇ ನನಗೆ ತಡೆಯಲಾಗದ್ದು.

ಉತ್ತರ ಬರಿ. ಬೈದಾದರೂ ಬರಿ.

ಥ್ರೇಸ್ಯಾ

*

ಕೊಟ್ಟಾಯಂ
19 ಜೂನ್ 1988

ಪ್ರೀತಿಯ ಚೇಚಿ,

ನಿನ್ನ ತಂಗಿ ಪ್ರೊಫೆಸರ್ ಆದಳು. ಮುಂದಿನ ವಾರ ಷೊರ್ನೂರಿಗೆ ಹೊರಡಬೇಕು, ಒಬ್ಬಳೇ. ಔಸೇಪ್ ಕೆಲಸ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಅಭಿನಂದನೆ ಹೇಳಬೇಡ, ಮೊದಲು ಪೂರ್ತಿ ಓದು.

ಸಂದರ್ಶನದ ದಿನ ದಾಕ್ಷಿ ನನಗಿಂತ ಮೊದಲು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಸಮಿತಿಯ ಒಬ್ಬ ಮಹಾಶಯರು ನಗುತ್ತಾ ಕೇಳಿದರು, "ಕುಟ್ಟನಾಡಿನ ಕೆಸರನ್ನು ಬಿಸ್ಕತ್ತು ಮಾಡಿದವರು ತಾವೇ ಏನಮ್ಮಾ?" ಅಂತ. ನಾನಾಗಿದ್ದರೆ ನೆಲದೊಳಗೆ ಇಳಿದುಬಿಡುತ್ತಿದ್ದೆ. ಅವಳು, "ಹೌದು ಸಾರ್, ನಾನೇ. ತಪ್ಪು ಕಂಡುಹಿಡಿದವರು ಹೊರಗೆ ಕೂತಿದ್ದಾರೆ, ಈ ಮಣ್ಣಿನ ವಿಷಯ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು" ಅಂದಳು. ಹೊರಗೆ ಬಂದು, ನನ್ನ ಮುಖ ನೋಡದೆ ಹೋದಳು.

ಮೊನ್ನೆ ಜರ್ನಲ್ ಬಂತು. ಕುರುಪ್ ಸಾರ್ ಈ ಸಲವೂ ಎರಡೂ ಕೈಯಲ್ಲಿ ಹಿಡಿದು ತಂದರು. ನನ್ನ ಚರ್ಚೆ ಎರಡು ಪುಟ. ನನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ ಅವಳ ಉತ್ತರ. ಬೇರೆಯವರು ಇಂಥ ಕಡೆ ಪುಟಗಟ್ಟಲೆ ಕಚ್ಚಾಡುತ್ತಾರೆ ಚೇಚಿ, ಸೋತರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇವಳದು ನಾಲ್ಕೇ ಸಾಲು. 'ಚರ್ಚಿಸಿದವರು ಹೇಳಿದ್ದು ಪೂರ್ತಿ ಸರಿ. ಲೇಖಕಿ ಮಣ್ಣನ್ನು ಒಣಗಿಸಿದ್ದು ತಪ್ಪು. ಹಸಿ ಮಣ್ಣಿನ ಪರೀಕ್ಷೆಯನ್ನು ತಾನೂ ಮಾಡಿ ಖಚಿತಪಡಿಸಿಕೊಂಡಿದ್ದಾಳೆ. ಈ ಮಣ್ಣನ್ನು ಲೇಖಕಿಗೆ ಮೊದಲು ತೋರಿಸಿದವರೂ ಚರ್ಚಿಸಿದವರೇ, ಅದನ್ನು ಮೂಲ ಲೇಖನದಲ್ಲಿ ಹೇಳದೆ ಹೋದದ್ದಕ್ಕೆ ಲೇಖಕಿ ಕ್ಷಮೆ ಕೇಳುತ್ತಾಳೆ.'

ಅಷ್ಟೇ. ಓದಿ ಕುರುಪ್ ಸಾರ್ ಕಣ್ಣು ಒರೆಸಿಕೊಂಡರು. "ಎಂಥಾ ದೊಡ್ಡ ಮನಸ್ಸು ಟೀಚರ್ ಆ ಹೆಂಗಸಿನದು!" ಅಂದರು. ನನ್ನ ಎರಡು ಪುಟ ಅವರು ತಿರುವಿಯೂ ನೋಡಲಿಲ್ಲ. ಓಸ್ಲೋದ ಒಬ್ಬ ಪ್ರೊಫೆಸರು ನನಗೆ ಕಾಗದ ಬರೆದಿದ್ದಾನೆ. ಏನಂತ ಅಂತೀಯಾ? 'ನಲವತ್ತು ವರ್ಷದಲ್ಲಿ ಇಂಥ ಪ್ರಾಮಾಣಿಕ ಉತ್ತರ ಓದಿಲ್ಲ, ಆ ಮಹಿಳೆಗೆ ನನ್ನ ನಮಸ್ಕಾರ ತಿಳಿಸಿ' ಅಂತ! ತಿಳಿಸಬೇಕಾದವಳು ನಾನು!

ಗೆದ್ದವಳು ನಾನು, ಚೇಚಿ. ಆದರೂ ಅವಳ ಸೋಲಿನ ಮೇಲೂ ನನಗೆ ಹೊಟ್ಟೆಕಿಚ್ಚು. ಇಂಥ ರೋಗಕ್ಕೆ ನಿಮ್ಮ ಮಠದಲ್ಲಿ ಏನಾದರೂ ಔಷಧಿ ಇದೆಯೇ?

ಥ್ರೇಸ್ಯಾ

*

ಷೊರ್ನೂರು
16 ಆಗಸ್ಟ್ 1988

ಗೆ,
ಪ್ರೊಫೆಸರ್ ಮತ್ತು ವಿಭಾಗದ ಮುಖ್ಯಸ್ಥರು,
ಸಿವಿಲ್ ಇಂಜಿನಿಯರಿಂಗ್ ವಿಭಾಗ

ಮಾನ್ಯರೇ,

ವಿಷಯ: ವರ್ಗಾವಣೆಯ ಮೇಲೆ ಕರ್ತವ್ಯದಿಂದ ಬಿಡುಗಡೆ ಕೋರಿ.

ತಮ್ಮ ಬಡ್ತಿಯಿಂದ ಕೊಟ್ಟಾಯಂ ಕಾಲೇಜಿನಲ್ಲಿ ತೆರವಾದ ಸ್ಥಾನಕ್ಕೆ ನನ್ನನ್ನು ನನ್ನ ಕೋರಿಕೆಯ ಮೇರೆಗೆ ವರ್ಗಾಯಿಸಿ ಸರ್ಕಾರದ ಆದೇಶ ಬಂದಿದೆ. ನನ್ನ ತರಗತಿಗಳ ಪಾಠ ಮುಗಿದಿದೆ. ಲ್ಯಾಬ್‌ನ ಬೀಗದ ಕೈಗಳನ್ನು ಕಚೇರಿಗೆ ಒಪ್ಪಿಸಿದ್ದೇನೆ. ಈ ತಿಂಗಳ ಕೊನೆಯ ದಿನ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಬೇಕೆಂದು ವಿನಂತಿ.

ತಮ್ಮ ವಿಧೇಯಳು
ಕೆ. ದಾಕ್ಷಾಯಣಿ
ಸಹಾಯಕ ಪ್ರೊಫೆಸರ್

*

ಷೊರ್ನೂರು
2 ಅಕ್ಟೋಬರ್ 1988

ದಾಕ್ಷಿ,

ನಿನ್ನ ಅರ್ಜಿಗೆ ಅವತ್ತೇ ಸಹಿ ಹಾಕಿದೆ, ಗೊತ್ತಲ್ಲ. ಕೈಯಲ್ಲಿ ಕೊಡುವಾಗ ಏನಾದರೂ ಹೇಳಬೇಕು ಅಂದುಕೊಂಡಿದ್ದೆ. ನೀನು ಅಟೆಂಡರ್‌ನನ್ನು ಕಳಿಸಿದೆ. ಎರಡು ತಿಂಗಳು ಪಕ್ಕದ ರೂಮಿನಲ್ಲಿದ್ದೆ, 'ಗುಡ್ ಮಾರ್ನಿಂಗ್ ಮೇಡಂ' ಬಿಟ್ಟು ಬೇರೆ ಮಾತಿಲ್ಲ. ಹುಡುಗರು ನಿನ್ನ ರೂಮಿನಲ್ಲಿ ಗಲಗಲ ನಗುತ್ತಿದ್ದರು. ನನ್ನ ರೂಮಿನ ಹತ್ತಿರ ಬಂದರೆ ಚಪ್ಪಲಿಯ ಸದ್ದೂ ಮಾಡುತ್ತಿರಲಿಲ್ಲ. ಈಗ ನಿನ್ನ ರೂಮು ಖಾಲಿ ಇದೆ, ಹಾದುಹೋಗುವಾಗೆಲ್ಲ ಒಳಗೆ ನೋಡುತ್ತೇನೆ. ಮೊನ್ನೆ ಪೇಟೆಯಲ್ಲಿ ಕುಟ್ಟನ್ ಸಿಕ್ಕಿದ. "ಈಗ ಹೊರದೇಶದ ಸ್ಟಾಂಪೇ ಬರೋದಿಲ್ಲ ಟೀಚರ್" ಅಂದ.

ಅಮ್ಮಚ್ಚಿಯ ಕಾಗದ ಬಂದಿದೆ. ನಿನ್ನ ವಿಷಯವೇ ತುಂಬಾ. "ದಾಕ್ಷಿ ಮೋಳ್ ಕೊಟ್ಟಾಯಂಗೆ ಬಂದಳಂತಲ್ಲ, ನೀನೊಂದು ಮಾತು ಹೇಳಬಾರದಾ? ಹೋದ ಶನಿವಾರ ದೋಣಿಯಲ್ಲಿ ಬಂದಿದ್ದಳು. ನನ್ನ ಹಳೇ ಮುಂಡು ಉಟ್ಟುಕೊಂಡು ಗದ್ದೆಗೆ ಇಳಿದಳು. ಮಣ್ಣು ತೆಗೆದು, ಒದ್ದೆ ಬಟ್ಟೆ ಸುತ್ತಿ, ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ತಂದಳು. ಕರಿಮೀನು ಹುರಿದುಕೊಟ್ಟೆ. ನಿನಗಿಂತ ಚೆನ್ನಾಗಿ ಮುಳ್ಳು ಬಿಡಿಸ್ತಾಳೆ" ಅಂತ ಬರೆದಿದ್ದಾಳೆ. ನನ್ನ ತಾಯಿ ನಿನ್ನನ್ನು ಮೋಳ್, ಮಗಳು ಅಂತಾಳೆ, ನನ್ನನ್ನು ನೀನೊಂದು ಮಾತು ಹೇಳಬಾರದಾ ಅಂತಾಳೆ! ನನ್ನ ಹೊಟ್ಟೆ ಎಷ್ಟು ಉರಿದಿರಬೇಡ, ಹೇಳು.

ಹೊಸ ಲೇಖನ ಬರೆಯುತ್ತೀಯ, ಗೊತ್ತು. ಈ ಸಲ ಹಸಿ ಮಣ್ಣು. ಅದು ನಿಜಕ್ಕೂ ಒಳ್ಳೆಯದಾಗಿರುತ್ತದೆ, ಹುಡುಕಿದರೂ ನನಗೆ ಒಂದು ತಪ್ಪು ಸಿಗುವುದಿಲ್ಲ. ಇಲ್ಲಿ ನನಗೆ ದೊಡ್ಡ ಮೇಜಿದೆ, ಬಾಗಿಲ ಮೇಲೆ ಹಿತ್ತಾಳೆಯ ಫಲಕವಿದೆ, ಕಿಟಕಿಯ ಹೊರಗೆ ನಿಳಾ ನದಿಯ ಮರಳಿದೆ. ಕೆಸರು ಮಾತ್ರ ನಿನ್ನ ಹತ್ತಿರ ಹೋಯಿತು.

ಅಮ್ಮಚ್ಚಿಗೆ ನೀನು ಏನೂ ಹೇಳಿಲ್ಲ ಅಂತ ಅವಳ ಕಾಗದದಿಂದ ತಿಳಿಯಿತು. ಹೇಳಬಹುದಿತ್ತು. ನಾನಾಗಿದ್ದರೆ ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆಯೇ ಎಲ್ಲ ಕಕ್ಕಿಬಿಡುತ್ತಿದ್ದೆ. ತಪ್ಪು ಮಾಡಿದೆ ದಾಕ್ಷಿ. ನಿನಗೆ ಮೊದಲು ಹೇಳಬೇಕಿತ್ತು. ಇದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು.

ಕೊನೆಯಲ್ಲಿ ಅಮ್ಮಚ್ಚಿ ಹೀಗೆ ಬರೆದಿದ್ದಾಳೆ: "ಕ್ರಿಸ್‌ಮಸ್‌ಗೆ ನೀವಿಬ್ಬರೂ ಒಟ್ಟಿಗೆ ಬನ್ನಿ. ಬಾತುಕೋಳಿ ಈಗಲೇ ಹೇಳಿಟ್ಟಿದ್ದೇನೆ." ಏನು ಉತ್ತರ ಬರೆಯಲಿ, ನೀನೇ ಹೇಳು. ನಾನೊಬ್ಬಳೇ ದೋಣಿಯಿಂದ ಇಳಿದರೆ, ಅವಳು ನನ್ನ ಹೆಗಲ ಮೇಲಿಂದ ಕತ್ತು ಚಾಚಿ, ನೀನೆಲ್ಲಿ ಅಂತ ದೋಣಿಯೊಳಗೆ ನೋಡುತ್ತಾಳೆ.

ಥ್ರೇಸ್ಯಾ